ಶಾಹನ್‌ಶಾಹನಿಂದ ಸರದಾರನವರೆಗೆ: ಇರಾನಿನ ಬಿರುದುಗಳ ಎರಡೂವರೆ ಸಾವಿರ ವರ್ಷ

ಇರಾನಿನ ತೈಲೋದ್ಯಮವನ್ನು 1951ರಲ್ಲಿ ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಹಮ್ಮದ್ ಮೊಸದ್ದೆಕ್ ಅವರನ್ನು ಜಗತ್ತು ಗುರುತಿಸುವುದು ಒಂದು ಬಿರುದಿನಿಂದ. ಎಳೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡ ಮೇಲೆ ಅರಮನೆ ಅವರಿಗೆ ‘ಮೊಸದ್ದೆಕುಸ್ಸಲ್ತನೆ’ ಎಂಬ ಬಿರುದು ಕೊಟ್ಟಿತು. ಅದರ ಮೊದಲ ತುಂಡೇ ಮುಂದೆ ಮನೆತನದ ಹೆಸರಾಯಿತು. ತೆಹರಾನಿನಲ್ಲಿ ಆಸ್ಪತ್ರೆ ಕಟ್ಟಿಸಿದ ಅವರ ತಾಯಿಯನ್ನು ಊರು ಕರೆಯುತ್ತಿದ್ದದ್ದು ‘ನಜ್ಮುಸ್ಸಲ್ತನೆ’ ಎಂದು. ಸೋದರಮಾವ ‘ಫರ್ಮಾನ್‌ಫರ್ಮಾ’. ಒಂದೇ ಮನೆಯಲ್ಲಿ ಇಷ್ಟು ಜನರ ಸ್ವಂತ ಹೆಸರು ಬಿರುದಿನ ಹಿಂದೆ ಸರಿದಿತ್ತು.

ಇದು ಒಂದು ಕಾಲದ ಚಟವಲ್ಲ. ಇರಾನಿನಲ್ಲಿ ರಾಜ್ಯ ಹುಟ್ಟಿದಂದಿನಿಂದ ಬಿರುದು ಅದರ ಜೊತೆಗೇ ನಡೆದುಬಂದಿದೆ. ಈ ದೀರ್ಘ ಚರಿತ್ರೆಯಲ್ಲಿ ಬಿರುದು ಪಡೆದವರ ಪಟ್ಟಿಗಿಂತ ಅದನ್ನು ಕೊಡುತ್ತಿದ್ದವರು ಯಾರು ಎಂಬುದು ಹೆಚ್ಚು ಮುಖ್ಯ. ದೇವರು, ಖಲೀಫ, ಶಾಹ, ಸಂಸತ್ತು ಹೀಗೆ ಕೊಡುವ ಕೈ ಬದಲಾದಂತೆಲ್ಲ ನಾಡಿನ ಅಧಿಕಾರದ ಬುಡವೇ ಬದಲಾಗಿದೆ.

ದೇವರ ಕೃಪೆಯಿಂದ ರಾಜ

ಕಿರ್ಮಾನ್‌ಶಾಹ್ ಬಳಿಯ ಬೆಹಿಸ್ತೂನ್ ಬಂಡೆಯ ಮೇಲೆ ಕ್ರಿ.ಪೂ. 520ರ ಸುಮಾರಿಗೆ ಡೇರಿಯಸ್ ದೊರೆ ಮೂರು ಭಾಷೆಗಳಲ್ಲಿ ಶಾಸನ ಕೆತ್ತಿಸಿದ. ಅದರ ಆರಂಭವೇ ಬಿರುದಾವಳಿ. ತಾನು ಮಹಾರಾಜ, ರಾಜರ ರಾಜ, ಪರ್ಶಿಯಾದ ರಾಜ, ನಾಡುಗಳ ರಾಜ ಎಂದು ಹೇಳಿಕೊಂಡು, ಬೆನ್ನಿಗೇ ತಂದೆ, ಅಜ್ಜ, ಮೂಲಪುರುಷರ ಹೆಸರನ್ನು ಎಣಿಸುತ್ತಾನೆ. ಈ ಅವಸರಕ್ಕೆ ಕಾರಣವಿತ್ತು. ಅವನು ಪಟ್ಟಕ್ಕೆ ನೇರ ವಾರಸುದಾರನಾಗಿರಲಿಲ್ಲ. ಸಿಂಹಾಸನದ ಮೇಲಿದ್ದವನನ್ನು ಕೊಂದು ಏರಿದ್ದ, ಸುತ್ತ ದಂಗೆಗಳೆದ್ದಿದ್ದವು. ಹೀಗಾಗಿ ರಾಜ್ಯ ತನಗೆ ಅಹುರಮಜ್ದ ದೇವರ ಕೃಪೆಯಿಂದ ಬಂತೆಂದು ಮತ್ತೆ ಮತ್ತೆ ಬರೆಸಿದ. ‘ರಾಜರ ರಾಜ’ ಎಂಬ ಮಾತು ಅಸ್ಸೀರಿಯಾ, ಉರಾರ್ತುಗಳಲ್ಲಿ ಮೊದಲೇ ಇತ್ತು. ಅದು ಇರಾನಿನದೇ ಸ್ವತ್ತೆಂಬಂತೆ ಗಟ್ಟಿಯಾಗಿ ನಿಂತದ್ದು ಇವನ ಕಾಲದಿಂದ. ಇಂದು ನಾವು ಕೇಳುವ ‘ಶಾಹನ್‌ಶಾಹ’ ಆ ಹಳೆಯ ಮಾತಿನ ವಂಶಸ್ಥ.

ಅಲೆಕ್ಸಾಂಡರನ ದಾಳಿಯಲ್ಲಿ ಆ ಸಾಮ್ರಾಜ್ಯ ಕುಸಿದರೂ ಬಿರುದು ಅಳಿಯಲಿಲ್ಲ. ಪಾರ್ಥಿಯದ ಎರಡನೆಯ ಮಿಥ್ರಿದಾತ ಅದನ್ನು ಗ್ರೀಕ್ ಭಾಷೆಯಲ್ಲಿ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದ. ಕ್ರಿ.ಶ. 224ರಲ್ಲಿ ಪಾರ್ಥಿಯರನ್ನು ಸೋಲಿಸಿದ ಸಸಾನಿ ವಂಶದ ಅರ್ದಶೀರ್ ‘ಇರಾನಿನ ರಾಜಾಧಿರಾಜ’ನಾದ. ಅವನ ಮಗ ಶಾಪೂರ್ ರೋಮನ್ನರನ್ನು ಗೆದ್ದು ‘ಇರಾನ್ ಮತ್ತು ಅನಿರಾನಿನ ರಾಜಾಧಿರಾಜ’ನಾದ. ಅನಿರಾನ್ ಎಂದರೆ ಇರಾನ್ ಅಲ್ಲದ ನಾಡುಗಳು. ಹೊಸದಾಗಿ ಸೇರಿದ ಆ ಒಂದು ಪದದಲ್ಲಿ ಒಂದು ಯುದ್ಧದ ಫಲವೇ ಅಡಗಿತ್ತು. ಶಾಪೂರನ ಮಗಳು ಅದುರ್ ಅನಾಹಿದಳಿಗೆ ‘ರಾಣಿಯರ ರಾಣಿ’ ಎಂಬ ಬಿರುದಿತ್ತು.

ಅಧಿಕಾರಿಯೊಬ್ಬ ಬಿರುದಿನ ಮೆಟ್ಟಿಲು ಹತ್ತುವುದನ್ನು ಹತ್ತಿರದಿಂದ ನೋಡಲು ಇದೇ ಕಾಲದ ಕಿರ್ದೀರ್ ಎಂಬ ಪುರೋಹಿತನಿದ್ದಾನೆ. ಶಾಪೂರನ ಕಾಲಕ್ಕೆ ಅವನು ಬರೀ ‘ಹೇರ್ಬದ್’, ಅಂದರೆ ಶಾಸ್ತ್ರ ಕಲಿಸುವವ. ಮುಂದಿನ ದೊರೆ ಹೋರ್ಮಿಜ್ದ್ ಅವನಿಗೆ ಟೊಪ್ಪಿಗೆಯನ್ನೂ ಸೊಂಟಪಟ್ಟಿಯನ್ನೂ ಕೊಟ್ಟು ‘ಅಹುರಮಜ್ದನ ಮೋಬೆದ್’, ಅಂದರೆ ಹಿರಿಯ ಪುರೋಹಿತನನ್ನಾಗಿ ಮಾಡಿದ. ಎರಡನೆಯ ಬಹ್ರಾಮನ ಕಾಲಕ್ಕೆ ಇಡೀ ಸಾಮ್ರಾಜ್ಯದ ಮೋಬೆದನೂ ನ್ಯಾಯಾಧೀಶನೂ ಆದ. ‘ಬಹ್ರಾಮನ ಆತ್ಮೋದ್ಧಾರಕ’ ಎಂಬುದೂ ಸೇರಿತು. ಈ ಏಣಿಯ ಒಂದೊಂದು ಮೆಟ್ಟಿಲನ್ನೂ ಅವನೇ ನಾಲ್ಕು ಕಡೆ ಕಲ್ಲಿನ ಮೇಲೆ ಬರೆಸಿದ್ದಾನೆ. ಅರಸುಗಳಿಗೆ ಮೀಸಲಾಗಿದ್ದ ಬಂಡೆಗಳ ಮೇಲೆ ಅರಸನಲ್ಲದವನ ಬಿರುದಾವಳಿ ಮೂಡಿತೆಂದರೆ ಪುರೋಹಿತಶಾಹಿ ಎಷ್ಟು ಬಲಿತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಖಲೀಫನ ಕೈಯ ಗೌರವ

ಅರಬರ ವಿಜಯದ ನಂತರ ಬಿರುದಿನ ಮೂಲ ಬಾಗ್ದಾದಿಗೆ ಹೋಯಿತು. 945ರಲ್ಲಿ ಕ್ಯಾಸ್ಪಿಯನ್ ತೀರದ ಬೆಟ್ಟನಾಡು ದೈಲಮಿನಿಂದ ಬಂದ ಬುವಯ್ಹಿ ಸೋದರರ ಪೈಕಿ ಕಿರಿಯನಾದ ಅಹ್ಮದ್ ಬಾಗ್ದಾದನ್ನು ಹೊಕ್ಕ. ಖಲೀಫ ಅಲ್‌ ಮುಸ್ತಕ್ಫಿ ಮೂವರಿಗೂ ಬಿರುದು ಕೊಟ್ಟ. ಹಿರಿಯ ಅಲಿ ‘ಇಮಾದುದ್ದೌಲಾ’, ರಾಜ್ಯದ ಕಂಬ. ನಡುವಿನ ಹಸನ್ ‘ರುಕ್ನುದ್ದೌಲಾ’, ರಾಜ್ಯದ ಆಧಾರಸ್ತಂಭ. ಕಿರಿಯ ಅಹ್ಮದ್ ‘ಮುಇಜ್ಜುದ್ದೌಲಾ’, ರಾಜ್ಯಕ್ಕೆ ಘನತೆ ತಂದವನು. ರಾಜ್ಯದ ಘನತೆ ಎನಿಸಿಕೊಂಡ ಅಹ್ಮದನೇ ಕೆಲವು ವಾರಗಳಲ್ಲಿ ಆ ಖಲೀಫನನ್ನು ಪಟ್ಟದಿಂದಿಳಿಸಿ ಕಣ್ಣು ಕೀಳಿಸಿದ. ಆದರೂ ಅವನು ಖಲೀಫ ಪದವಿಯನ್ನು ರದ್ದು ಮಾಡಲಿಲ್ಲ, ಇನ್ನೊಬ್ಬನನ್ನು ಕೂರಿಸಿದ. ಕತ್ತಿ ತನ್ನ ಕೈಯಲ್ಲಿದ್ದರೂ ಅದಕ್ಕೆ ಮಾನ್ಯತೆ ಬರಬೇಕಾದರೆ ಬಿರುದು ಬೇರೆಯವರ ಬಾಯಿಂದ ಬರಬೇಕೆಂದು ಅವನಿಗೆ ಗೊತ್ತಿತ್ತು.

ಮುಂದಿನ ತಲೆಮಾರಿನ ಅಜುದುದ್ದೌಲಾ ಈ ವಂಶದಲ್ಲೇ ಸಮರ್ಥ. 955ರಲ್ಲಿ ಪರ್ಸೆಪೊಲಿಸ್‌ಗೆ ಹೋಗಿ, ಅಲ್ಲಿನ ಹಳೆಯ ಶಾಸನಗಳನ್ನು ಓದಿಸಿ ಕೇಳಿ, ಡೇರಿಯಸನ ಅರಮನೆಯಲ್ಲಿ ತನ್ನದೊಂದು ಬರಹ ಕೆತ್ತಿಸಿದ. ಮುಂದೆ ‘ಶಾಹನ್‌ಶಾಹ’ ಎಂಬ ಬಿರುದನ್ನೂ ಧರಿಸಿದ. ಖಲೀಫನ ಅರಬ್ಬಿ ಗೌರವವೂ ಪುರಾತನ ಪರ್ಶಿಯನ್ ಹಕ್ಕೂ ಅವನಲ್ಲಿ ಒಟ್ಟಾದವು.

ಆ ಎರಡೂ ಎದುರುಬದುರಾದದ್ದು 1037-38ರ ಸುಮಾರಿಗೆ. ಜಲಾಲುದ್ದೌಲಾ ಎಂಬ ಬುವಯ್ಹಿ ದೊರೆಗೆ ‘ಮಹಾ ಶಾಹನ್‌ಶಾಹ, ಅರಸರ ಅರಸ’ ಎಂಬ ಬಿರುದು ಸಂದು ಮಸೀದಿಯ ಪ್ರವಚನದಲ್ಲಿ ಅದನ್ನು ಓದಿದಾಗ ಬಾಗ್ದಾದಿನ ಜನ ಪ್ರವಚನಕಾರರತ್ತ ಇಟ್ಟಿಗೆ ತೂರಿದರು. ಅರಸರ ಅರಸ ದೇವರೊಬ್ಬನೇ ಎಂಬುದು ಅವರ ನಂಬಿಕೆ. ಧರ್ಮಶಾಸ್ತ್ರಜ್ಞರ ಅಭಿಪ್ರಾಯ ಕೇಳಿದಾಗ ಬಹುಪಾಲು ಜನ ದೊರೆಯ ಪರ ನಿಂತರು. ದೊರೆಗೆ ಆಪ್ತನಾಗಿದ್ದ ಅಲ್‌ ಮಾವರ್ದಿ ಮಾತ್ರ ಒಪ್ಪಲಿಲ್ಲ. ದೊರೆ ಅವನ ಮೇಲೆ ಹಗೆ ಸಾಧಿಸದೆ ಆ ನಿಷ್ಠುರತೆಯನ್ನೇ ಗೌರವಿಸಿದ. ಬಿರುದಿಗೂ ಒಂದು ಎಲ್ಲೆಯಿದೆ ಎಂದು ಅಧಿಕಾರದ ಎದುರು ನಿಂತು ಹೇಳಿದ ಮಾವರ್ದಿಯಂಥವರು ಈ ಚರಿತ್ರೆಯಲ್ಲಿ ವಿರಳ.

ಉಬ್ಬರದ ಬಗ್ಗೆ ವಜೀರನ ದೂರು

ಕೊಡುವವರು ಧಾರಾಳವಾದಷ್ಟೂ ಬಿರುದಿನ ಬೆಲೆ ಇಳಿಯಿತು. ಕ್ರಿ.ಶ. 1000ದ ಹೊತ್ತಿಗೇ ಅಲ್‌ ಬಿರೂನಿ ಖಲೀಫರ ಈ ಧಾರಾಳವನ್ನು ಖಂಡಿಸಿದ್ದ. ಆ ಶತಮಾನದ ಕೊನೆಯಲ್ಲಿ ಸೆಲ್ಜುಕ್ ವಜೀರ ನಿಜಾಮುಲ್‌ ಮುಲ್ಕ್ ತನ್ನ ರಾಜನೀತಿಯ ಗ್ರಂಥದಲ್ಲಿ ಬಿರುದುಗಳಿಗಾಗಿಯೇ ಒಂದು ಅಧ್ಯಾಯ ಬರೆದ. ಅವನ ದೂರು ಸ್ಪಷ್ಟ. ವಿದ್ವಾಂಸರಿಗೆ ‘ದೀನ್’ ಎಂದು ಮುಗಿಯುವ ಬಿರುದು, ಸೇನಾನಾಯಕರಿಗೆ ‘ದೌಲಾ’, ವಜೀರರಿಗೆ ‘ಮುಲ್ಕ್’ ಎಂಬ ಕಟ್ಟಳೆಯಿತ್ತು. ಈಗ ಧರ್ಮದ ಗಂಧವಿಲ್ಲದ ಸೈನಿಕರೂ ‘ದೀನ್’ ಅಂಟಿಸಿಕೊಳ್ಳುತ್ತಿದ್ದಾರೆ, ಸಣ್ಣವರಿಗೂ ದೊಡ್ಡವರಿಗೂ ಭೇದ ಉಳಿದಿಲ್ಲ ಎಂಬುದು ಅವನ ಅಳಲು. ಘಜ್ನಿಯ ಮಹಮೂದ್ ಒಂದು ಹೆಚ್ಚಿನ ಬಿರುದಿಗಾಗಿ ಖಲೀಫನನ್ನು ಕಾಡಿದ ಕಥೆಯನ್ನೂ ಅಲ್ಲಿ ಹೇಳುತ್ತಾನೆ. ಭಾರತದವರೆಗೆ ದಂಡೆತ್ತಿ ಬಂದ ಮಹಮೂದನನ್ನು ಕೊರೆಯುತ್ತಿದ್ದದ್ದು ಸಮರ್‌ಕಂದಿನ ಖಾಕಾನನಿಗೆ ತನಗಿಂತ ಹೆಚ್ಚು ಬಿರುದುಗಳಿವೆ ಎಂಬ ಸಂಗತಿ.

ತೂಸ್ ಪ್ರಾಂತದ ಈ ವಜೀರನ ನಿಜವಾದ ಹೆಸರು ಹಸನ್. 1092ರಲ್ಲಿ ಕೊಲೆಯಾದ ಅವನನ್ನು ಇಂದು ಯಾರೂ ಹಸನ್ ಎಂದು ನೆನೆಯುವುದಿಲ್ಲ. ‘ರಾಜ್ಯದ ವ್ಯವಸ್ಥೆ’ ಎಂಬ ಅರ್ಥದ ಬಿರುದು ಅವನ ಮೂವತ್ತು ವರ್ಷಗಳ ಆಡಳಿತಕ್ಕೆ ತಕ್ಕದಾಗಿತ್ತು, ಹೆಸರನ್ನು ನುಂಗಿಯೂ ಉಳಿಯಿತು.

ಖಾನ್, ಶಾಹ, ವಕೀಲ

1258ರಲ್ಲಿ ಚಂಗೀಜ್‌ಖಾನನ ಮೊಮ್ಮಗ ಹುಲಗು ಬಾಗ್ದಾದನ್ನು ಧ್ವಂಸ ಮಾಡಿ ಖಲೀಫನನ್ನು ಕೊಲ್ಲಿಸಿದಾಗ ಬಿರುದಿನ ಆ ಮೂಲ ಬತ್ತಿತು. ಈಗ ಮಾನ್ಯತೆ ಬರುತ್ತಿದ್ದದ್ದು ಚಂಗೀಜ್‌ಖಾನನ ರಕ್ತದಿಂದ. ಇರಾನನ್ನೆಲ್ಲ ಗೆದ್ದ ತೈಮೂರ್ ಕೂಡ ಆ ವಂಶದಲ್ಲಿ ಹುಟ್ಟಿರದ ಕಾರಣ ತನ್ನನ್ನು ‘ಖಾನ್’ ಎಂದುಕೊಳ್ಳಲಿಲ್ಲ. ಚಂಗೀಜನ ಮನೆಯ ಹೆಣ್ಣನ್ನು ಮದುವೆಯಾಗಿ ‘ಗುರ್ಕಾನ್’, ಅಂದರೆ ಅಳಿಯ ಎಂಬ ಬಿರುದಿಗೆ ತೃಪ್ತನಾದ.

1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿದ ಸಫವಿ ದೊರೆ ಇಸ್ಮಾಯಿಲನಿಂದ ‘ಶಾಹ’ ಮತ್ತೆ ಮೆರೆಯಿತು. ಆದರೆ ಈ ಮೆರವಣಿಗೆಯ ಜೊತೆ ವಿನಯವೂ ಬಂತು. ಇಸ್‌ಫಹಾನನ್ನು ಕಟ್ಟಿದ ಶಾ ಅಬ್ಬಾಸ್ ತನ್ನನ್ನು ಅಲಿಯ ಹೊಸ್ತಿಲ ನಾಯಿ ಎಂದು ಕರೆದುಕೊಂಡ. ಜನರ ಮುಂದೆ ಅತ್ಯುನ್ನತನಾದವನು ಶಿಯಾ ಪಂಥದ ಮೊದಲ ಇಮಾಮನ ಮುಂದೆ ಅತಿ ಕನಿಷ್ಠನಾಗಿ ನಿಲ್ಲುವುದರಲ್ಲೇ ಅವನ ಅಧಿಕಾರಕ್ಕೆ ಧರ್ಮದ ಒಪ್ಪಿಗೆಯಿತ್ತು. ಪ್ರಧಾನಮಂತ್ರಿಯ ಬಿರುದು ‘ಇತಿಮಾದುದ್ದೌಲಾ’, ರಾಜ್ಯದ ಭರವಸೆ. ಇದೇ ಬಿರುದು ಇರಾನಿನಿಂದ ವಲಸೆ ಬಂದ ಮಿರ್ಜಾ ಘಿಯಾಸ್ ಬೇಗನಿಗೆ ಜಹಾಂಗೀರನಿಂದ ಸಂದಿತು. ನೂರ್‌ಜಹಾನಳ ತಂದೆಯಾದ ಅವನ ಗೋರಿಯನ್ನು ಆಗ್ರಾದಲ್ಲಿ ಜನ ಇಂದಿಗೂ ಆ ಬಿರುದಿನಿಂದಲೇ ಕರೆಯುತ್ತಾರೆ.

ಅದಕ್ಕೂ ಮೊದಲೇ ಈ ಪದ್ಧತಿ ನಮ್ಮ ಬೀದರಿಗೆ ಬಂದಿತ್ತು. ಕ್ಯಾಸ್ಪಿಯನ್ ತೀರದ ಗೀಲಾನಿನಿಂದ ಬಂದು, 1472ರಲ್ಲಿ ಮುಗಿದ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನಿಗೆ ಬಹಮನಿ ಸುಲ್ತಾನರು ‘ಮಲಿಕುತ್ತುಜ್ಜಾರ್’, ‘ಖ್ವಾಜಾ ಜಹಾನ್’ ಎಂಬ ಬಿರುದುಗಳನ್ನು ಕೊಟ್ಟರು. ವರ್ತಕರ ಒಡೆಯ, ಜಗದ ಯಜಮಾನ ಎಂಬ ಆ ದೊಡ್ಡ ಮಾತುಗಳು 1481ರಲ್ಲಿ ಅವನ ತಲೆಯನ್ನು ಉಳಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲೂ ಶಿರಾಜಿನಿಂದ ಬೆಂಗಳೂರಿಗೆ ಬಂದ ಮನೆತನದ ಮಿರ್ಜಾ ಇಸ್ಮಾಯಿಲ್ ಅವರಿಗೆ ಮೈಸೂರು ಮಹಾರಾಜರು ಕೊಟ್ಟದ್ದು ‘ಅಮೀನುಲ್‌ ಮುಲ್ಕ್’ ಎಂಬ ಪರ್ಶಿಯನ್ ಮಾದರಿಯ ಬಿರುದನ್ನೇ.

ಇರಾನಿನಲ್ಲಿ ಹದಿನೆಂಟನೆಯ ಶತಮಾನ ಎರಡು ತದ್ವಿರುದ್ಧ ದಾರಿಗಳನ್ನು ತೋರಿಸಿತು. ‘ತಹ್ಮಾಸ್ಪ್ ಕುಲಿ’, ಅಂದರೆ ದೊರೆ ತಹ್ಮಾಸ್ಪನ ದಾಸ ಎಂಬ ಬಿರುದು ಹೊತ್ತ ಸೇನಾನಿಯೊಬ್ಬ ಅದೇ ತಹ್ಮಾಸ್ಪನನ್ನು ಇಳಿಸಿ, 1736ರಲ್ಲಿ ನಾದಿರ್ ಶಾಹನಾಗಿ ಕಿರೀಟ ಧರಿಸಿದ. ಅವನ ನಂತರ ನಾಡಿನ ಬಹುಭಾಗವನ್ನಾಳಿದ ಕರೀಂ ಖಾನ್ ಜಂದ್ ಶಾಹನಾಗಲು ಒಲ್ಲದೆ ‘ವಕೀಲ್’ ಆಗಿಯೇ ಉಳಿದ. ಕೊನೆಗೆ ‘ವಕೀಲುರ್ರಆಯಾ’, ಪ್ರಜೆಗಳ ಪ್ರತಿನಿಧಿ ಎನಿಸಿಕೊಂಡ. ಶಿರಾಜಿನ ವಕೀಲ್ ಬಜಾರು, ವಕೀಲ್ ಮಸೀದಿಗಳಲ್ಲಿ ಆ ಹೆಸರು ಇನ್ನೂ ಇದೆ. ಅಧಿಕಾರ ಪ್ರಜೆಗಳ ಪರವಾಗಿ ನಡೆಯಬೇಕಾದದ್ದು ಎಂಬ ಮಾತು ಇರಾನಿನ ಆಳುವವನೊಬ್ಬನ ಬಿರುದಿನಲ್ಲಿ ಬಂದದ್ದು ಸಣ್ಣ ಸಂಗತಿಯಲ್ಲ.

ಕಾಜಾರರ ಕಾಲದ ಮಹಾಪೂರ

ಹತ್ತೊಂಬತ್ತನೆಯ ಶತಮಾನದ ಕಾಜಾರ್ ಆಸ್ಥಾನದಲ್ಲಿ ಬಿರುದು ಒಂದು ಆದಾಯದ ಬಾಬತ್ತಾಯಿತು. ಶಾಹನ ಫರ್ಮಾನು, ಜೊತೆಗೊಂದು ನಿಲುವಂಗಿ, ಪ್ರತಿಯಾಗಿ ಪಡೆಯುವವನಿಂದ ಕಾಣಿಕೆ ಎಂಬುದು ಕ್ರಮ. 1848ರಿಂದ 1896ರವರೆಗೆ ಆಳಿದ ನಾಸಿರುದ್ದೀನ್ ಶಾಹನನ್ನು ಆಸ್ಥಾನಿಕರು ‘ಕಿಬ್ಲಾ ಎ ಆಲಂ’ ಎನ್ನುತ್ತಿದ್ದರು, ಜಗತ್ತು ಮುಖ ಮಾಡಿ ನಿಲ್ಲಬೇಕಾದ ದಿಕ್ಕು ಎಂದು. ಅವನ ಮೊದಲ ಪ್ರಧಾನಿ ಅಮೀರ್ ಕಬೀರ್ ಈ ಪ್ರವಾಹಕ್ಕೆ ತಡೆಯೊಡ್ಡಿದ. ಪತ್ರಗಳಲ್ಲಿ ಉದ್ದುದ್ದ ಬಿರುದುಗಳು ಬೇಡ, ತನ್ನನ್ನು ‘ಜನಾಬ್’ ಎಂದರೆ ಸಾಕು ಎಂದ. ದಾರುಲ್‌ ಫುನೂನ್ ಎಂಬ ಆಧುನಿಕ ವಿದ್ಯಾಲಯವನ್ನು ಕಟ್ಟಿದ್ದೂ ಅವನೇ. 1852ರ ಜನವರಿಯಲ್ಲಿ ಕಾಶಾನಿನ ಫಿನ್ ಸ್ನಾನಗೃಹದಲ್ಲಿ ಶಾಹನ ಆಜ್ಞೆಯಂತೆ ಅವನ ಕೊಲೆಯಾಯಿತು. ತಡೆಯೂ ಒಡೆಯಿತು.

ಒಂದು ಬಿರುದು ಒಮ್ಮೆಗೆ ಒಬ್ಬನಿಗೆ ಎಂಬ ರೂಢಿಯಿದ್ದುದರಿಂದ ಅದು ಕೈಯಿಂದ ಕೈಗೆ ಸಾಗುತ್ತಿತ್ತು. ‘ಮುಷೀರುದ್ದೌಲಾ’, ರಾಜ್ಯದ ಸಲಹೆಗಾರ ಎಂಬುದನ್ನೇ ನೋಡಿ. ಮೊದಲು ಅದು ಇಂಗ್ಲೆಂಡಿನಲ್ಲಿ ಓದಿಬಂದ ಮಿರ್ಜಾ ಜಾಫರ್ ಖಾನನದು. ಆಮೇಲೆ 1871ರಲ್ಲಿ ಪ್ರಧಾನಿಯಾದ ಸುಧಾರಕ ಮಿರ್ಜಾ ಹುಸೇನ್ ಖಾನನದು. ಬಳಿಕ ಅವನ ತಮ್ಮ ಯಾಹ್ಯಾ ಖಾನನದು. 1906ರ ಸಂವಿಧಾನ ಚಳವಳಿಯ ವೇಳೆಗೆ ಪ್ರಧಾನಿ ನಸ್ರುಲ್ಲಾ ಖಾನನದು, ಅವನ ನಂತರ ಮಗ ಹಸನನದು. ಹಳೆಯ ದಾಖಲೆಯಲ್ಲಿ ‘ಮುಷೀರುದ್ದೌಲಾ ಹೀಗೆಂದರು’ ಎಂದಿದ್ದರೆ, ಇಸವಿ ನೋಡದೆ ಅವರು ಯಾರೆಂದು ಹೇಳಲಾಗದು.

ಅಂತಃಪುರಕ್ಕೂ ಬಿರುದು ಹರಿಯಿತು. ನಾಸಿರುದ್ದೀನ್ ಶಾಹನ ತಾಯಿ ‘ಮಹ್ದ್ ಎ ಉಲ್ಯಾ’, ಮೆಚ್ಚಿನ ಮಡದಿ ‘ಅನೀಸುದ್ದೌಲಾ’, ಮಗಳು ‘ತಾಜುಸ್ಸಲ್ತನೆ’. ಹೊರಗಿನವರ ಮುಂದೆ ಹೆಂಗಸರ ಹೆಸರೆತ್ತದ ಸಮಾಜದಲ್ಲಿ ಬಿರುದು ಅವರಿಗೊಂದು ಸಾರ್ವಜನಿಕ ಗುರುತನ್ನು ಕೊಟ್ಟಿತು. ತಾಜುಸ್ಸಲ್ತನೆ ಆ ಗುರುತಿನಲ್ಲೇ ಆತ್ಮಕಥೆ ಬರೆದು, ತಾನು ಬೆಳೆದ ಅರಮನೆಯ ಬದುಕನ್ನೂ ಹೆಣ್ಣಿನ ಸ್ಥಿತಿಯನ್ನೂ ನಿರ್ಭಿಡೆಯಿಂದ ವಿಮರ್ಶಿಸಿದಳು.

ಕಾನೂನು ಕೊಯ್ದದ್ದು, ಜನ ಉಳಿಸಿಕೊಂಡದ್ದು

ಸಂವಿಧಾನ ಚಳವಳಿ ಇನ್ನೊಂದು ಬಗೆಯ ಬಿರುದನ್ನು ಹುಟ್ಟಿಸಿತು. ತಬ್ರೀಜಿನ ಮುತ್ತಿಗೆಯಲ್ಲಿ ಶಾಹನ ಸೈನ್ಯವನ್ನು ತಡೆದ ಸತ್ತಾರ್ ಖಾನ್ ‘ಸರ್ದಾರ್ ಎ ಮಿಲ್ಲಿ’, ಬಾಕಿರ್ ಖಾನ್ ‘ಸಾಲಾರ್ ಎ ಮಿಲ್ಲಿ’ ಆದರು. ಮಿಲ್ಲಿ ಎಂದರೆ ರಾಷ್ಟ್ರಕ್ಕೆ ಸೇರಿದ್ದು. ರಾಜನಿಂದ ಬರಬೇಕಾದ ಗೌರವ ರಾಜನ ವಿರುದ್ಧ ಹೋರಾಡಿದವರಿಗೆ ನಾಡಿನ ಹೆಸರಲ್ಲಿ ಬಂತು.

1925ರ ಮೇ ತಿಂಗಳಲ್ಲಿ ಸಂಸತ್ತಾದ ಮಜ್ಲಿಸ್ ಬಿರುದುಗಳನ್ನು ರದ್ದುಪಡಿಸಿತು. ಅದೇ ವರ್ಷ ಪ್ರತಿಯೊಬ್ಬರೂ ಮನೆತನದ ಹೆಸರು ನೋಂದಾಯಿಸಬೇಕೆಂಬ ಕಾನೂನೂ ಬಂತು. ಕೊನೆಯ ಮುಷೀರುದ್ದೌಲಾ ಹಸನ್ ಪೀರ್‌ನಿಯಾ ಆದರು, ಪುರಾತನ ಇರಾನಿನ ಚರಿತ್ರೆಕಾರರೆಂದು ಹೆಸರಾದರು. ಕವಾಮುಸ್ಸಲ್ತನೆ ಅಹ್ಮದ್ ಕವಾಂ ಆದರು. ಇದರ ಹಿಂದಿದ್ದ ಆಗಿನ ಪ್ರಧಾನಿ ರಜಾ ಖಾನ್ ತನ್ನ ‘ಸರ್ದಾರ್ ಸಿಪಾಹ್’ ಬಿರುದನ್ನು ಬಿಟ್ಟು ಪಹ್ಲವಿ ಎಂಬ ಹೆಸರು ಹಿಡಿದು, ವರ್ಷ ಮುಗಿಯುವುದರೊಳಗೆ ಶಾಹನೇ ಆದ. ಎಲ್ಲರ ಹೆಸರನ್ನೂ ಒಂದೇ ಸಾಲಿಗೆ ತಂದ ಈ ಕಾನೂನು ನಾಗರಿಕ ಸಮಾನತೆಯತ್ತ ನಿಜವಾದ ಹೆಜ್ಜೆ. ಆ ಸಾಲಿನಿಂದ ಹೊರಗೆ ಉಳಿದವನು ಒಬ್ಬನೇ, ಅದನ್ನು ತಂದವನು. 1965ರಲ್ಲಿ ಅದೇ ಮಜ್ಲಿಸ್ ಅವನ ಮಗ ಮೊಹಮ್ಮದ್ ರಜಾನಿಗೆ ‘ಆರ್ಯಮೆಹರ್’ ಎಂಬ ಬಿರುದು ಕೊಟ್ಟಿತು. ಆರ್ಯರ ಬೆಳಕು ಎಂದು ಹೊಗಳಿಸಿಕೊಂಡ ಅವನು 1979ರ ಕ್ರಾಂತಿಯಲ್ಲಿ ದೇಶ ಬಿಟ್ಟ.

ಆಮೇಲೆ ಮುಂದೆ ಬಂದವು ಧಾರ್ಮಿಕ ಗೌರವಗಳು. ‘ಹುಜ್ಜತುಲ್‌ ಇಸ್ಲಾಂ’, ‘ಆಯತುಲ್ಲಾ’ಗಳು ವಿದ್ಯೆ ಮತ್ತು ಶಿಷ್ಯವರ್ಗದ ಮನ್ನಣೆಯಿಂದ ಬೆಳೆದವು, ಈಗ ರಾಜ್ಯಾಧಿಕಾರಕ್ಕೂ ಹೊಂದಿಕೊಂಡಿವೆ. 1925ರಲ್ಲಿ ಕಡತದಿಂದ ಹೋದ ‘ಸರ್ದಾರ್’ ಕ್ರಾಂತಿರಕ್ಷಕ ಪಡೆಯ ಸೇನಾಪತಿಗಳ ಹೆಸರಿನ ಮುಂದೆ ಮರಳಿದೆ. ಬೀದಿಯಲ್ಲಿ ಜನ ಎಂಜಿನಿಯರನ್ನು ‘ಆಕಾ ಎ ಮೊಹಂದೆಸ್’ ಎನ್ನುತ್ತಾರೆ, ವೈದ್ಯೆಯನ್ನು ‘ಖಾನುಂ ದೊಕ್ತೋರ್’ ಎನ್ನುತ್ತಾರೆ.

ಕಾನೂನಿಗೆ ಬಗ್ಗದ ಎರಡು ಹಳೆಯ ಬಿರುದುಗಳನ್ನೂ ಇಲ್ಲಿ ಹೇಳಬೇಕು. ಗುಲಿಸ್ತಾನ್ ಅರಮನೆಯ ಕನ್ನಡಿಸಭೆಯನ್ನು ಚಿತ್ರಿಸಿದ ಮೊಹಮ್ಮದ್ ಘಫ್ಫಾರಿ ಇರಾನಿಗರಿಗೆ ಇಂದಿಗೂ ‘ಕಮಾಲುಲ್‌ ಮುಲ್ಕ್’. ಕವಿ ಬಹಾರ್ ಇಂದಿಗೂ ‘ಮಲಿಕುಶ್ಶುಅರಾ’, ಕವಿಗಳ ದೊರೆ. ಎರಡನ್ನೂ ಕೊಟ್ಟದ್ದು ಕಾಜಾರ್ ಆಸ್ಥಾನ. ಆ ವಂಶ ಹೋಯಿತು, ಅದು ಹಂಚಿದ ಬಿರುದುಗಳಲ್ಲಿ ಬಹುಪಾಲು ಕಡತಗಳಲ್ಲಿ ಹೂತುಹೋದವು. ಇವನ್ನು ಎತ್ತಿ ಹಿಡಿದದ್ದು ಚಿತ್ರಗಳನ್ನು ನೋಡಿದವರು, ಪದ್ಯಗಳನ್ನು ಬಾಯಿಪಾಠ ಮಾಡಿದವರು. ಬಿರುದು ಕೊಡುವ ಅಧಿಕಾರ ದೇವರಿಂದ ಖಲೀಫನಿಗೆ, ಶಾಹನಿಗೆ, ಸಂಸತ್ತಿಗೆ ಕೈ ಬದಲಾಯಿಸಿತು. ಅದನ್ನು ಉಳಿಸುವ ಅಧಿಕಾರ ಮಾತ್ರ ಜನರ ಕೈ ಬಿಟ್ಟು ಹೋಗಲಿಲ್ಲ.