ಎಸ್ಟಿಮೇಟಿನ ಜಗಳಕ್ಕೂ ಒಂದು ಚರಿತ್ರೆ

ಗ್ಯಾರೇಜಿನ ಮುಂದೆ ನಡೆಯುವ ಜಗಳಗಳಲ್ಲಿ ಎರಡು ಮಾತು ತಪ್ಪುವುದಿಲ್ಲ. 'ಮೊದಲು ಹೇಳಿದ್ದು ಇಷ್ಟೇ ತಾನೇ?' ಎಂಬುದು ಗಿರಾಕಿಯದು. 'ಬಿಚ್ಚಿದ ಮೇಲೆ ತಾನೇ ಸಾರ್ ಗೊತ್ತಾಗೋದು' ಎಂಬುದು ಮೆಕ್ಯಾನಿಕ್‌ನದು. ಹಳೆಯ ಕಾರಿಗೆ ಹೊಸ ರೂಪ ಕೊಡಿಸಲು ಹೊರಟವರಿಗಂತೂ ಈ ಸಂಭಾಷಣೆ ಬಾಯಿಪಾಠ. ಇದು ಮೋಟಾರು ಬಂದ ಮೇಲೆ ಹುಟ್ಟಿದ ಜಗಳವೆಂದು ಭಾವಿಸಬೇಕಾಗಿಲ್ಲ. ಸಾರೋಟಿನ ಕಾಲದಲ್ಲೇ ಅದರ ಬೇರುಗಳಿವೆ.

ಸ್ಯಾಮ್ಯುಯೆಲ್ ಪೀಪ್ಸ್ 17ನೇ ಶತಮಾನದ ಲಂಡನ್ನಿನಲ್ಲಿ ನೌಕಾ ಮಂಡಳಿಯ ಅಧಿಕಾರಿ. ಹಡಗುಗಳಿಗೆ ಬೇಕಾದ ಮರ, ಹಗ್ಗ, ಹಾಯಿಬಟ್ಟೆಗಳ ಗುತ್ತಿಗೆಯಲ್ಲಿ ಚೌಕಾಸಿ ಮಾಡುವುದು ಅವನ ನಿತ್ಯದ ಕೆಲಸ. ಅಂಥವನು 1668ರ ಅಕ್ಟೋಬರಿನಲ್ಲಿ ತನಗೊಂದು ಸಾರೋಟು ಬೇಕೆಂದು 53 ಪೌಂಡಿಗೆ ಮಾತಾಡಿಕೊಂಡ. ಗಾಡಿ ಮುಗಿದ ಮೇಲೆ ಇನ್ನಷ್ಟು ಏನು ಕೊಡಬೇಕೆಂಬುದನ್ನು ಅವನ ದೊಡ್ಡ ಮನಸ್ಸಿಗೇ ಬಿಟ್ಟರು! ದರ ನಿಗದಿಯಾಯಿತು, ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ವಾರದೊಳಗೆ ಗೆಳೆಯನೊಬ್ಬ ಬಂದು, ಆ ಗಾಡಿ ಭಾರ, ಅದರ ಮಾದರಿಯೂ ಹಳತು ಎಂದು ಆಡಿಕೊಂಡ. ಪೀಪ್ಸ್ ಮನಸ್ಸು ಬದಲಾಯಿಸಿದ. ಕೌ ಲೇನ್ ಎಂಬ ಬೀದಿಯ ಗಾಡಿ ಅಂಗಡಿಗಳನ್ನೆಲ್ಲ ಸುತ್ತಿ, ವಿಧವೆಯೊಬ್ಬಳ ಅಂಗಡಿಯಲ್ಲಿ ಇನ್ನೂ ಚೌಕಟ್ಟಿನ ಹಂತದಲ್ಲಿದ್ದ ಹಗುರ ಗಾಡಿಯೊಂದನ್ನು ಆರಿಸಿದ.

ಮರುವರ್ಷದ ಏಪ್ರಿಲ್ 30ರ ಕಥೆ ಇನ್ನೂ ಸ್ವಾರಸ್ಯದ್ದು. ಮರುದಿನ ಮೇ ಒಂದರ ಮೆರವಣಿಗೆಗೆ ಗಾಡಿ ಬೇಕು. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿದರೆ ಕೆಲಸವೇ ಆರಂಭವಾಗಿಲ್ಲ. ಪೀಪ್ಸ್ ಸಿಡಿಮಿಡಿಗೊಂಡ, ಆದರೂ ಕೆಲಸಕ್ಕೆ ಹಚ್ಚಿ, ವಾರ್ನಿಷ್ ಬಳಿಯುವುದನ್ನು ನೋಡುತ್ತ ರಾತ್ರಿ ಎಂಟರವರೆಗೂ ಅಲ್ಲೇ ನಿಂತ. ಕೊನೆಗೆ ಕೆಲಸಗಾರರಿಗೆ ಕುಡಿಯಲೂ ಕೊಡಿಸಿದ. ಇಷ್ಟನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟ. ಅರ್ಧ ತೆರೆದ ದರ, ನಡುವೆ ಬದಲಾದ ಮನಸ್ಸು, ತಪ್ಪಿದ ಗಡುವು: ಇಂದಿನ ಗ್ಯಾರೇಜು ಜಗಳಗಳ ಮೂರು ಮೂಲಗಳೂ ಈ ಒಂದೇ ಸಾರೋಟಿನಲ್ಲಿವೆ.

ಕಾಗದದ ಮೇಲಿನ ಕಾರು

ಲಂಡನ್ನಿನ ಸಾರೋಟು ಕುಶಲಕರ್ಮಿಗಳ ಸಂಘಕ್ಕೆ 1677ರಲ್ಲಿ ರಾಜಸನ್ನದು ದೊರೆಯಿತು. ಮೋಟಾರು ಬಂದಾಗ ಗಾಡಿ ಕಟ್ಟುವ ಮನೆತನಗಳೇ ಕಾರಿನ ಮೈ ಕಟ್ಟಲು ತೊಡಗಿದವು. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಇಂಜಿನ್, ಚಕ್ರಗಳುಳ್ಳ ಷಾಸಿಯನ್ನು ಮಾತ್ರ. ಅದರ ಮೇಲಿನ ಮೈಯನ್ನು ಬಾರ್ಕರ್, ಹೂಪರ್ ಮೊದಲಾದ ಬೇರೆ ಸಂಸ್ಥೆಗಳು ಗಿರಾಕಿಯ ಇಷ್ಟದಂತೆ ಕಟ್ಟಿಕೊಡುತ್ತಿದ್ದವು.

ನಮ್ಮ ಮಹಾರಾಜರು ಈ ವ್ಯಾಪಾರದ ದೊಡ್ಡ ಗಿರಾಕಿಗಳು. 'ಸ್ಟಾರ್ ಆಫ್ ಇಂಡಿಯಾ' ಎಂದು ಹೆಸರಾದ 1934ರ ರೋಲ್ಸ್ ರಾಯ್ಸ್ ಕಾರಿಗೆ ರಾಜಕೋಟೆಯ ಅರಸರಿಗಾಗಿ ಮೈ ಕಟ್ಟಿದ್ದು ಲಂಡನ್ನಿನ ಥ್ರಪ್ ಅಂಡ್ ಮೇಬರ್ಲಿ ಸಂಸ್ಥೆ. ಇಂಥ ವ್ಯವಹಾರದಲ್ಲಿ ಗಿರಾಕಿ ಒಂದು ಖಂಡದಲ್ಲಿ, ಕಾರ್ಖಾನೆ ಇನ್ನೊಂದರಲ್ಲಿ. ಪೀಪ್ಸ್‌ನಂತೆ ಅಂಗಡಿಯ ಮುಂದೆ ಹೋಗಿ ನಿಲ್ಲುವುದು ಸಾಧ್ಯವಿರಲಿಲ್ಲ. ಆದ್ದರಿಂದ ಬಣ್ಣ, ಆಸನ, ದೀಪ, ಎಲ್ಲವೂ ನಕ್ಷೆಯಲ್ಲಿ, ಬರವಣಿಗೆಯಲ್ಲಿ ಮೊದಲೇ ಇರಬೇಕಾಗಿತ್ತು. ಷಾಸಿಯೂ ಹೊಸದು, ಅದರೊಳಗೆ ತುಕ್ಕು ಅಡಗಿ ಕೂತಿರುವ ಭಯವಿರಲಿಲ್ಲ.

ಯುದ್ಧಾನಂತರ ಕಾರ್ಖಾನೆಗಳೇ ಪೂರ್ತಿ ಕಾರನ್ನು ಮಾಡಿ ಮಾರತೊಡಗಿದವು. ಮೈ ಕಟ್ಟುವ ಹಳೆಯ ಸಂಸ್ಥೆಗಳು ಒಂದೊಂದಾಗಿ ಮುಚ್ಚಿದವು ಅಥವಾ ಕಾರು ಕಂಪನಿಗಳ ಪಾಲಾದವು. ಆದರೆ ತನ್ನ ಕಾರು ಹತ್ತರಲ್ಲಿ ಹನ್ನೊಂದಾಗಬಾರದೆಂಬ ಆಸೆ ಮುಚ್ಚಲಿಲ್ಲ. ಅದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ರಾಜರ ಬದಲು ಸಾಮಾನ್ಯ ಯುವಕರ ಕೈಯಲ್ಲಿ ಮತ್ತೆ ಚಿಗುರಿತು.

ಬಿಚ್ಚಿದಷ್ಟೂ ಬಿಲ್ಲು

ಲಾಸ್ ಏಂಜಲಿಸ್ ಸಮೀಪದ ಲಿನ್‌ವುಡ್‌ನಲ್ಲಿ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರ ಅಂಗಡಿ ಈ ಕಸುಬಿಗೆ ಹೆಸರುವಾಸಿ. ಕಾರ್ಖಾನೆಯಿಂದ ಬಂದ ಮರ್ಕ್ಯುರಿ ಕಾರಿನ ಚಾವಣಿಯನ್ನು ಕತ್ತರಿಸಿ ತಗ್ಗಿಸುವುದು ಅವರ ಪ್ರಸಿದ್ಧ ಕೆಲಸಗಳಲ್ಲೊಂದು. ಕೇಳಲು ಸುಲಭ. ಆದರೆ ಚಾವಣಿಯ ಕಂಬಗಳು ಗಿಡ್ಡವಾದರೆ ಬಾಗಿಲಿನ ಚೌಕಟ್ಟೂ ಗಿಡ್ಡವಾಗಬೇಕು, ಗಾಜೂ ಚಿಕ್ಕದಾಗಬೇಕು. ಕಂಬಗಳು ಓರೆಯಾಗಿರುವುದರಿಂದ ಕತ್ತರಿಸಿದ ತುದಿಗಳು ನೇರ ಕೂರುವುದಿಲ್ಲ. ಚಾವಣಿಯನ್ನೂ ಅಲ್ಲಲ್ಲಿ ಸೀಳಿ ಹಿಗ್ಗಿಸಬೇಕು. ಬೆಸುಗೆಯ ಗಾಯಗಳನ್ನು ಆ ಕಾಲದಲ್ಲಿ ಕರಗಿಸಿದ ಸೀಸ ತುಂಬಿ ಉಜ್ಜಿ ಮುಚ್ಚುತ್ತಿದ್ದರು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಗೆ ಇದನ್ನೂ ಸೇರಿಸಬಹುದು.

ಕಾರು ಹಳೆಯದಾದರೆ ಕಷ್ಟ ಇಮ್ಮಡಿ. ಬಣ್ಣದ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ಹಳೆಯ ಅಪಘಾತದ ಗುರುತು, ಅದರ ಕೆಳಗೆ ತುಕ್ಕು. ಬಣ್ಣ ಕೆರೆಯುವವರೆಗೆ ಇವು ಮಾಲೀಕನಿಗೂ ಗೊತ್ತಿಲ್ಲ, ಟಿಂಕರ್‌ಗೂ ಗೊತ್ತಿಲ್ಲ. ಪ್ರಶ್ನೆ ಇರುವುದು ಇಲ್ಲೇ: ಯಾರಿಗೂ ಗೊತ್ತಿಲ್ಲದ ಈ ಖರ್ಚು ಯಾರ ತಲೆಗೆ? ಒಟ್ಟು ಇಷ್ಟೇ ಎಂದು ಗುತ್ತಿಗೆ ಒಪ್ಪಿದರೆ ಅಂಗಡಿಯವನ ತಲೆಗೆ. ನಷ್ಟ ತುಂಬಿಕೊಳ್ಳಲು ಅವನು ಕೆಲಸದಲ್ಲಿ ಕಳ್ಳತನ ಮಾಡುವ ಅಪಾಯವುಂಟು. ಗಂಟೆಯ ಕೂಲಿ ಮತ್ತು ಸಾಮಾನಿನ ಲೆಕ್ಕವಾದರೆ ಗಿರಾಕಿಯ ತಲೆಗೆ. ಆಗ ಕೆಲಸ ಎಳೆದಷ್ಟೂ ಅಂಗಡಿಗೆ ಲಾಭ. ಎರಡೂ ಪದ್ಧತಿಗಳಲ್ಲಿ ಪ್ರಾಮಾಣಿಕರೂ ಪರಸ್ಪರ ಕಳ್ಳರಂತೆ ಕಾಣಬಲ್ಲರು.

ಹಣದಷ್ಟೇ ಗಡುವೂ ಮುಖ್ಯ. ಟಿವಿಯ 'ಬ್ಯಾಟ್‌ಮನ್' ಧಾರಾವಾಹಿಗೆ ಕಾರು ಮಾಡಿಕೊಡುವ ಕೆಲಸ ಮೊದಲು ಹೋಗಿದ್ದು ಡೀನ್ ಜೆಫ್ರಿಸ್ ಎಂಬ ಕುಶಲಿಗನ ಬಳಿಗೆ. ಸ್ಟುಡಿಯೊ ದಿನಾಂಕವನ್ನು ಹಿಂದಕ್ಕೆಳೆದಾಗ ಕೆಲಸ ಜಾರ್ಜ್ ಬ್ಯಾರಿಸ್ ಪಾಲಾಯಿತು. ಫೋರ್ಡ್ ಕಂಪನಿ 1955ರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಲಿಂಕನ್ ಫ್ಯೂಚುರಾ ಕಾರು ಬ್ಯಾರಿಸ್ ಬಳಿ ಇತ್ತು. ಅವರು ಅದನ್ನು ಕೊಂಡಿದ್ದು ಕೇವಲ ಒಂದು ಡಾಲರಿಗೆ. ಅದನ್ನೇ ಸುಮಾರು ಮೂರು ವಾರಗಳಲ್ಲಿ ಮಾರ್ಪಡಿಸಿದರು. ಜಾಣತನವೆಂದರೆ ಕಾರಿನ ಒಡೆತನ ತಮ್ಮಲ್ಲೇ ಉಳಿಸಿಕೊಂಡು ಸ್ಟುಡಿಯೊಗೆ ಬಾಡಿಗೆಗೆ ಕೊಟ್ಟಿದ್ದು. ಧಾರಾವಾಹಿ 1966ರ ಜನವರಿಯಲ್ಲಿ ಆರಂಭವಾಯಿತು. 2013ರ ಹರಾಜಿನಲ್ಲಿ ಅದೇ ಕಾರಿಗೆ 42 ಲಕ್ಷ ಡಾಲರಿನ ಕೂಗು ಬಂತು. ಯಾವುದು ಯಾರದು ಎಂಬುದು ಮೊದಲೇ ತೀರ್ಮಾನವಾಗಿದ್ದರ ಬೆಲೆ ಅದು!

ಕಾನೂನಿನ ಪ್ರವೇಶ

ಸಾಮಾನ್ಯ ಗಿರಾಕಿಗೆ ಅಂಥ ಕರಾರು ಮಾಡಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲಿ ವಾಹನ ದುರಸ್ತಿಗೆಂದೇ ಕಾಯಿದೆ ಮಾಡಿತು. ಅದರಂತೆ ಕೆಲಸಕ್ಕೆ ಮೊದಲು ಲಿಖಿತ ಎಸ್ಟಿಮೇಟ್ ಕೊಡಬೇಕು. ಗಿರಾಕಿ ಒಪ್ಪದೆ ಅದನ್ನು ಮೀರಿ ಕಾಸು ಕೇಳುವಂತಿಲ್ಲ. ಬದಲಿಸಿದ ಹಳೆಯ ಭಾಗಗಳನ್ನು ಗಿರಾಕಿ ಬಯಸಿದರೆ ಸಾಮಾನ್ಯವಾಗಿ ಹಿಂತಿರುಗಿಸಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಖರ್ಚು ಹೆಚ್ಚಬಾರದೆಂದು ಈ ಕಾಯಿದೆ ಹೇಳುವುದಿಲ್ಲ. ಹೆಚ್ಚುವ ಸುದ್ದಿ ಕೆಲಸಕ್ಕಿಂತ ಮೊದಲು ಗಿರಾಕಿಗೆ ತಲುಪಬೇಕು ಎನ್ನುತ್ತದೆ, ಅಷ್ಟೆ.

ನಮ್ಮಲ್ಲಿ ಇದಕ್ಕೆ ಆಧಾರ 1872ರ ಕರಾರು ಕಾಯಿದೆ. ಅದರ 170ನೇ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಬೇರೆ ಕರಾರಿದ್ದರೆ ಮಾತ್ರ ಇಲ್ಲ. ಕಾಯಿದೆಯೇ ಕೊಡುವ ಉದಾಹರಣೆಗಳು ವಜ್ರ ಸಾಣೆ ಹಿಡಿಯುವವನದು ಮತ್ತು ದರ್ಜಿಯದು. ವಜ್ರದವನು ಕೂಲಿ ಬರುವತನಕ ಕಲ್ಲನ್ನು ಇಟ್ಟುಕೊಳ್ಳಬಹುದು. ಹೊಲಿದ ಕೂಡಲೇ ಕೋಟು ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದು ಒಪ್ಪಿದ ದರ್ಜಿಗೆ ಆ ಹಕ್ಕಿಲ್ಲ. ಬಾಕಿ ಕೊಡದೆ ಕಾರು ಬಿಡುವುದಿಲ್ಲ ಎನ್ನುವ ಗ್ಯಾರೇಜಿನವನಿಗೆ ಕಾನೂನಿನ ಬಲ ಬರುವುದು ಇಲ್ಲಿಂದಲೇ. ಇನ್ನೊಂದೆಡೆ ಗಿರಾಕಿಗೆ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಅದರ ಜಾಗಕ್ಕೆ ಬಂದ 2019ರ ಕಾಯಿದೆ, ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದನ್ನೂ ಅನುಚಿತ ವ್ಯಾಪಾರವೆಂದು ಎಣಿಸುತ್ತದೆ.

ರೂಪಾಂತರಕ್ಕೆ ಮನಸೋತವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುವುದು ಮಾಲೀಕನಿಗೆ, ಗ್ಯಾರೇಜಿಗಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಚೆಂದದ ಕಾರು ಮಾಡಿಕೊಟ್ಟವನು ಈ ಮಾತನ್ನು ಹೇಳದಿದ್ದರೆ, ಪೂರ್ತಿ ಹಣ ತೆತ್ತವನು ಆರ್‌ಟಿಒ ಕಚೇರಿಯಲ್ಲಿ ಕೈಕಟ್ಟಿ ನಿಲ್ಲಬೇಕಾದೀತು.

ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಲಾಸ್ ಏಂಜಲಿಸ್ ಆಗಲಿ, ಕೆಲಸ ಇನ್ನೂ ಬಹುಮಟ್ಟಿಗೆ ಬಾಯಿಮಾತಿನಲ್ಲೇ ಶುರುವಾಗುತ್ತದೆ. ನಂಬಿಕೆಯಿಲ್ಲದೆ ಈ ಕಸುಬು ನಡೆಯದು ಎಂಬುದು ನಿಜ. ಆದರೆ ನಂಬಿಕೆಯನ್ನು ಉಳಿಸುವುದು ಒಂದು ಸಣ್ಣ ಚೀಟಿ ಮತ್ತು ಬಿಚ್ಚಿದ ದಿನವೇ ಮಾಡುವ ಒಂದು ಫೋನು. ತುಕ್ಕು ಕಂಡ ದಿನವೇ ಹೇಳಿದರೆ ಅದು ಸುದ್ದಿ. ಬಿಲ್ಲಿನಲ್ಲಿ ಕಂಡರೆ ಅದೇ ಜಗಳ.