ಅಳಿಸದೆ ಬರೆಯುವ ವಿದ್ಯೆ

ಒಂದು ತಂತ್ರಾಂಶವನ್ನು ನವೀಕರಿಸಿದೊಡನೆ, ಅದಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಇನ್ನೊಂದು ಕೆಲಸ ನಿಲ್ಲಿಸುವುದು ಕಂಪ್ಯೂಟರ್ ಲೋಕದ ಹಳೆಯ ಕಾಯಿಲೆ. ಇದರ ಬೇರು ಯುನಿಕ್ಸ್ ಪರಂಪರೆಯ ಒಂದು ರೂಢಿಯಲ್ಲಿದೆ. ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಲೈಬ್ರರಿಗಳು ಬಹುಮಟ್ಟಿಗೆ ಒಂದೇ ಕಡೆ ಇರುತ್ತವೆ. ಹೊಸದು ಬಂದಾಗ ಹಳೆಯದು ಅಳಿಸಿಹೋಗುತ್ತದೆ. ಹಳೆಯದನ್ನೇ ನೆಚ್ಚಿದ್ದ ತಂತ್ರಾಂಶ ಅಲ್ಲಿಗೆ ಅನಾಥ.

2003ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕ ಏಲ್ಕೊ ಡೋಲ್‌ಸ್ಟ್ರಾ ಈ ರೂಢಿಯನ್ನೇ ಪ್ರಶ್ನಿಸಿ ‘ನಿಕ್ಸ್’ ಎಂಬ ಪ್ಯಾಕೇಜ್ ಮ್ಯಾನೇಜರನ್ನು ಕಟ್ಟತೊಡಗಿದರು. ಈ ಹೆಸರು ‘ಏನೂ ಇಲ್ಲ’ ಎಂಬರ್ಥದ ಡಚ್ ಪದದಿಂದ ಬಂದದ್ದು. ಅದರಲ್ಲಿಯೇ ಸಿದ್ಧಾಂತವೂ ಅಡಗಿದೆ: ತಂತ್ರಾಂಶವೊಂದನ್ನು ಸಿದ್ಧಪಡಿಸುವಾಗ, ಮೊದಲೇ ಘೋಷಿಸಿದ ಸಾಮಗ್ರಿಯ ಹೊರತು ಬೇರೇನೂ ಆ ಕೆಲಸಕ್ಕೆ ಕಾಣಬಾರದು.

ಗಣಿತದ ಫಂಕ್ಷನ್ ಒಂದೇ ಮೌಲ್ಯಕ್ಕೆ ಸದಾ ಒಂದೇ ಉತ್ತರ ಕೊಡುತ್ತದೆ. ಡೋಲ್‌ಸ್ಟ್ರಾ ತಂತ್ರಾಂಶದ ನಿರ್ಮಾಣವನ್ನೂ ಹಾಗೆಯೇ ಕಂಡರು. ನಿಕ್ಸ್‌ನಲ್ಲಿ ಪ್ರತಿ ಪ್ಯಾಕೇಜಿಗೂ ಪ್ರತ್ಯೇಕ ವಿಳಾಸ. ಅದರ ಹೆಸರು 32 ಅಕ್ಷರಗಳ ಗುರುತಿನಿಂದ ಆರಂಭವಾಗುತ್ತದೆ. ಮೂಲ ಸಂಕೇತ, ಕಂಪೈಲರ್, ಲೈಬ್ರರಿಗಳು, ನಿರ್ಮಾಣದ ಸೂಚನೆಗಳು, ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ಆ ಗುರುತು ಹುಟ್ಟುತ್ತದೆ. ಒಂದು ಅಂಶ ಬದಲಾದರೂ ವಿಳಾಸವೇ ಬೇರೆ. ಆದ್ದರಿಂದ ಹಳೆಯದೂ ಹೊಸದೂ ಜಗಳವಿಲ್ಲದೆ ಅಕ್ಕಪಕ್ಕದಲ್ಲಿ ಬಾಳುತ್ತವೆ.

2006ರಲ್ಲಿ ಇದು ಡೋಲ್‌ಸ್ಟ್ರಾ ಅವರ ಡಾಕ್ಟರೇಟ್ ಪ್ರಬಂಧವಾಯಿತು. ಅದೇ ವರ್ಷ ಆರ್ಮೈನ್ ಹೆಮೆಲ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಈ ತತ್ತ್ವವನ್ನು ಇಡೀ ಕಾರ್ಯಾಚರಣ ವ್ಯವಸ್ಥೆಗೆ ವಿಸ್ತರಿಸಿದರು. ‘ನಿಕ್ಸ್‌ಓಎಸ್’ ರೂಪುಗೊಂಡದ್ದು ಹೀಗೆ. ಇಲ್ಲಿ ಬಳಕೆದಾರ ಯಂತ್ರಕ್ಕೆ ‘ಇದನ್ನು ಮಾಡು, ಅದನ್ನು ಮಾಡು’ ಎಂದು ಆಜ್ಞಾಪಿಸುತ್ತ ಹೋಗುವುದಿಲ್ಲ. ಯಂತ್ರ ಹೇಗಿರಬೇಕೆಂದು ಒಂದು ಕಡತದಲ್ಲಿ ಬರೆದಿಡುತ್ತಾನೆ. ಪ್ರತಿ ಬದಲಾವಣೆಯೂ ವ್ಯವಸ್ಥೆಯ ಹೊಸ ‘ತಲೆಮಾರು’. ಹೊಸದು ಕೈಕೊಟ್ಟರೆ, ಯಂತ್ರ ಆರಂಭವಾಗುವಾಗ ಹಿಂದಿನ ತಲೆಮಾರನ್ನು ಆರಿಸಿಕೊಂಡರಾಯಿತು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹಳೆಯದನ್ನೆಲ್ಲ ಉಳಿಸಿದರೆ ಡಿಸ್ಕ್ ತುಂಬುತ್ತದೆ. ವಾಡಿಕೆಯ ಜಾಗದಲ್ಲಿ ಲೈಬ್ರರಿಗಳನ್ನು ಹುಡುಕುವ ಸಿದ್ಧ ತಂತ್ರಾಂಶಗಳು ಇಲ್ಲಿ ನೇರವಾಗಿ ಓಡುವುದಿಲ್ಲ. ನಿಕ್ಸ್‌ಗೆಂದೇ ಇರುವ ಭಾಷೆಯನ್ನು ಕಲಿಯಬೇಕು. ವ್ಯವಸ್ಥೆ ಹಿಂದಕ್ಕೆ ಹೋದರೂ ನಮ್ಮ ದತ್ತಾಂಶ ಹಿಂದಕ್ಕೆ ಹೋಗುವುದಿಲ್ಲ; ಅಳಿಸಿದ ಪತ್ರ ಅಳಿಸಿದ್ದೇ.

ಆದರೂ ಈ ಚಿಂತನೆ ಪ್ರಬಂಧದ ಪುಟಗಳಲ್ಲೇ ಉಳಿಯಲಿಲ್ಲ. 2012ರಲ್ಲಿ ಲುಡೊವಿಕ್ ಕೂರ್ಟೆಸ್ ಇದೇ ತಳಹದಿಯ ಮೇಲೆ ‘ಗ್ನೂ ಗೀಕ್ಸ್’ ಯೋಜನೆಯನ್ನು ಪ್ರಕಟಿಸಿದರು. ಒಂದು ವೈಜ್ಞಾನಿಕ ಲೆಕ್ಕವನ್ನು ವರ್ಷಗಳ ಬಳಿಕ ಮತ್ತೊಬ್ಬರು ಪರೀಕ್ಷಿಸಬೇಕಾದರೆ, ಫಲಿತಾಂಶವಷ್ಟೇ ಸಾಲದು. ಅದು ಯಾವ ಯಾವ ತಂತ್ರಾಂಶಗಳಿಂದ ಹುಟ್ಟಿತು ಎಂಬುದೂ ತಿಳಿದಿರಬೇಕು. ನಿಕ್ಸ್‌ನಲ್ಲಿಯೂ ಹಳೆಯದನ್ನು ಅಳಿಸಬಹುದು. ಆದರೆ ಅಲ್ಲಿ ಅಳಿಸುವುದು ಬೇರೆ ಕೆಲಸ, ಬರೆಯುವುದು ಬೇರೆ ಕೆಲಸ. ಆ ಎರಡನ್ನೂ ಬೇರ್ಪಡಿಸಿದ್ದೇ ಉಟ್ರೆಕ್ಟಿನ ಕೊಡುಗೆ.