ಗಟ್ಟಿ ಡಿಕಾಕ್ಷನ್ ಯಾರ ಲೋಟಕ್ಕೆ?

ಬೆಳಗಿನ ಆರೂವರೆಗೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಇಳಿದರೆ ಮೊದಲು ಮೂಗಿಗೆ ಬಡಿಯುವುದು ವೃಷಭಾವತಿಯ ವಾಸನೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಕಾಫಿಯದು. ಮೈಸೂರು ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ ಜಾಗ ಇದು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೂಡ ಬಂತು. ರಾತ್ರಿ ಪಾಳಿ ಮುಗಿಸಿದವರು, ಬೆಳಗಿನ ಪಾಳಿಗೆ ಹೊರಟವರು, ಊರಿಂದ ಬಸ್ಸಿಳಿದು ಚೀಲ ಹೊತ್ತವರು ಎಲ್ಲರೂ ಒಂದು ಲೋಟ ಕುಡಿದೇ ಮುಂದೆ ಹೋಗುತ್ತಾರೆ.

ಅಲ್ಲೊಂದು ಸಣ್ಣ ಹೋಟೆಲಿನ ಮುಂದೆ ನಾವು ನಿಂತಿದ್ದೆವು. ಒಬ್ಬರು ‘ಸ್ಟ್ರಾಂಗ್’ ಅಂದರು, ಇನ್ನೊಬ್ಬರು ‘ಲೈಟ್’ ಅಂದರು, ಮತ್ತಿಬ್ಬರು ‘ಬೈ ಟು, ಸ್ವಲ್ಪ ಗಟ್ಟಿ ಇರಲಿ’ ಅಂದರು. ಕಾಫಿ ಮಾಡುವವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಲೋಟಗಳನ್ನು ಸಾಲಾಗಿ ಇಟ್ಟು, ಡಿಕಾಕ್ಷನ್ ಜಗ್ಗನ್ನು ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಗ್ಗಿಸಿ, ಮೇಲಿಂದ ಬಿಸಿ ಹಾಲು ಸುರಿದರು. ಮೂರು ರುಚಿಯ ಕಾಫಿ ಅರ್ಧ ನಿಮಿಷದಲ್ಲಿ ಸಿದ್ಧ.

ಅದಕ್ಕೂ ಮೊದಲು ನಮ್ಮ ತಂಡದಲ್ಲಿ ಒಂದು ಚರ್ಚೆ ನಡೆದಿತ್ತು. ಮನೆಯ ಫಿಲ್ಟರಿಗೇ ಒಂದು ಗುಂಡಿ ಇಟ್ಟು, ಅತ್ತ ತಿರುಗಿಸಿದರೆ ಗಟ್ಟಿ, ಇತ್ತ ತಿರುಗಿಸಿದರೆ ತೆಳು ಆಗುವಂತೆ ಮಾಡಬಹುದಲ್ಲ ಎಂದು ಕಾಗದದ ಮೇಲೆ ಚಿತ್ರವನ್ನೂ ಬರೆದಿದ್ದೆವು. ಆ ಹೋಟೆಲಿನ ಮುಂದೆ ನಿಂತಾಗ ಚಿತ್ರ ಮಡಚಿ ಜೇಬಿಗೆ ಹಾಕಿಕೊಂಡೆವು. ಗುಂಡಿ ಆಗಲೇ ಇದೆ. ಅದು ಇರುವುದು ಬಡಿಸುವವರ ಕೈಯಲ್ಲಿ. ಹಾಗಾದರೆ ಆ ಕೈ ಇಷ್ಟು ವರ್ಷ ಯಾರ ಲೋಟಕ್ಕೆ ಗಟ್ಟಿ, ಯಾರ ಲೋಟಕ್ಕೆ ತೆಳು ಸುರಿಯಿತು? ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಪಾತ್ರೆಯ ಕಥೆ

ಕಾಫಿ ಗಿಡದ ಕಥೆ ನಿಮಗೆ ಗೊತ್ತೇ ಇದೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ನಮ್ಮ ನಾಡಿನ ನಂಬಿಕೆ. ಆದರೆ ಬೀಜದ ಕಥೆ ಹೇಳಿದಷ್ಟು ಪಾತ್ರೆಯ ಕಥೆಯನ್ನು ಯಾರೂ ಹೇಳುವುದಿಲ್ಲ.

ಬಹುಕಾಲ ಎಲ್ಲ ಕಡೆಯೂ ಕಾಫಿ ಮಾಡುತ್ತಿದ್ದ ಬಗೆ ಒಂದೇ. ನೀರಿಗೆ ಪುಡಿ ಹಾಕುವುದು, ಕುದಿಸುವುದು, ಚರಟ ತಳಕ್ಕೆ ಕೂತ ಮೇಲೆ ಬಗ್ಗಿಸಿಕೊಳ್ಳುವುದು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಹೀಗೇ ಕುದಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. 1800ರ ಆಸುಪಾಸಿನಲ್ಲಿ ಪ್ಯಾರಿಸ್ಸಿನಲ್ಲಿ ಎರಡಂತಸ್ತಿನ ಪಾತ್ರೆ ಬಳಕೆಗೆ ಬಂತು. ಮೇಲಿನದರಲ್ಲಿ ಪುಡಿ, ತಳದಲ್ಲಿ ತೂತು, ಕೆಳಗಿನದರಲ್ಲಿ ತೊಟ್ಟಿಕ್ಕಿದ ಡಿಕಾಕ್ಷನ್. ಇದರ ಹಿರಿಮೆಯನ್ನು ಸಾಮಾನ್ಯವಾಗಿ ಅಲ್ಲಿನ ಧರ್ಮಗುರು ದ ಬೆಲ್ಲ್ವಾ ಅವರಿಗೆ ಕೊಡುತ್ತಾರೆ.

ಮುಂದೆ ರಮ್‌ಫರ್ಡ್ ಎಂಬ ವಿಜ್ಞಾನಿ 1812ರಲ್ಲಿ ಕಾಫಿಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಶಾಖದ ಬಗ್ಗೆ ದೊಡ್ಡ ಸಂಶೋಧನೆ ಮಾಡಿದ ಇವರು ಬಡವರಿಗೆ ಕಡಿಮೆ ಖರ್ಚಿನಲ್ಲಿ ಸೂಪು ಕೊಡುವುದು ಹೇಗೆಂದು ಲೆಕ್ಕ ಹಾಕಿದವರೂ ಹೌದು. ಕಾಫಿಯನ್ನು ಕುದಿಸಬೇಡಿ, ಕುದಿಸಿದರೆ ಪರಿಮಳ ಹಾರಿಹೋಗುತ್ತದೆ ಎಂದರು. ಪುಡಿಯನ್ನು ಒಂದು ಬಿಲ್ಲೆಯಿಂದ ಸಮನಾಗಿ ಒತ್ತಿ, ಅದರ ಮೇಲೆ ಬಿಸಿನೀರು ಹಾಕಬೇಕು ಎಂದರು. ನಮ್ಮ ಮನೆಯ ಫಿಲ್ಟರಿನೊಳಗಿನ ಕೊಡೆಯಂಥ ಬಿಲ್ಲೆಯನ್ನು ನೆನಪಿಸಿಕೊಳ್ಳಿ. ಅದು ಮಾಡುವ ಕೆಲಸವೂ ಇದೇ.

ಸುತ್ತಿ ಸುತ್ತಿ ಕುದಿಸುವ ಯಂತ್ರ

ಅಮೆರಿಕದವರು ಬೇರೆ ದಾರಿ ಹಿಡಿದರು. 1865ರಲ್ಲಿ ಜೇಮ್ಸ್ ನೇಸನ್ ಎಂಬವರು ಪರ್ಕೊಲೇಟರ್‌ಗೆ ಪೇಟೆಂಟ್ ಪಡೆದರು. 1889ರಲ್ಲಿ ಹ್ಯಾನ್ಸನ್ ಗುಡ್‌ರಿಚ್ ಎಂಬವರು ಒಲೆಯ ಮೇಲಿಡುವ ಪರ್ಕೊಲೇಟರ್ ಮಾಡಿದರು. ಇದರಲ್ಲಿ ತಳದ ನೀರು ಕುದಿದು ನಡುವಿನ ಕೊಳವೆಯಲ್ಲಿ ಮೇಲೇರುತ್ತದೆ, ಪುಡಿಯ ಬುಟ್ಟಿಯ ಮೇಲೆ ಬೀಳುತ್ತದೆ, ಸೋಸಿ ಕೆಳಗಿಳಿಯುತ್ತದೆ, ಮತ್ತೆ ಕುದಿದು ಮೇಲೇರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಗಟ್ಟಿ. ಮುಂದೆ ಬಂದ ಕೆಲವು ವಿದ್ಯುತ್ ಪರ್ಕೊಲೇಟರ್‌ಗಳಿಗೆ ‘ಲೈಟ್’ನಿಂದ ‘ಸ್ಟ್ರಾಂಗ್’ವರೆಗೆ ಗುಂಡಿಯೂ ಬಂತು. ಅಂದರೆ ನಾವು ಬರೆದ ಚಿತ್ರವನ್ನು ನಮಗಿಂತ ಎಷ್ಟೋ ಮೊದಲೇ ಬೇರೆಯವರು ಮಾಡಿ ಮುಗಿಸಿದ್ದರು.

ಆದರೆ ಒಂದು ತೊಡಕಿತ್ತು. ಹುರಿದ ಕಾಫಿ ಪುಡಿಯ ತೂಕದಲ್ಲಿ ನೀರಿಗೆ ಇಳಿಯಬಲ್ಲದ್ದು ಸುಮಾರು 30% ಮಾತ್ರ. ಪರಿಮಳ, ಹುಳಿ, ಸಿಹಿ ಮೊದಲು ಇಳಿಯುತ್ತವೆ. ಕಹಿ, ಒಗರು ಕೊನೆಗೆ. 1950ರ ದಶಕದಲ್ಲಿ ಅಮೆರಿಕದ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ, 18ರಿಂದ 22% ಇಳಿದರೆ ರುಚಿ ಹದವಾಗಿರುತ್ತದೆ ಎಂದು ತೋರಿಸಿದರು. ಪರ್ಕೊಲೇಟರ್‌ನಲ್ಲಿ ಇಳಿದ ಡಿಕಾಕ್ಷನ್ನೇ ಮತ್ತೆ ಮತ್ತೆ ಕುದಿದು ಪುಡಿಯ ಮೇಲೆ ಬೀಳುವುದರಿಂದ ಆ ಹದ ಸುಲಭವಾಗಿ ದಾಟಿಹೋಗುತ್ತದೆ. ಗುಂಡಿ ತಿರುಗಿಸಿದವರು ಕೇಳಿದ್ದು ಗಟ್ಟಿ, ಸಿಕ್ಕಿದ್ದು ಕಹಿ.

ನಮ್ಮ ಫಿಲ್ಟರ್ ಈ ಗೋಜಿಗೇ ಹೋಗುವುದಿಲ್ಲ. ಕಡಿಮೆ ನೀರಿನಲ್ಲಿ, ನಿಧಾನವಾಗಿ, ಒಂದೇ ಸಲ ಗಟ್ಟಿ ಡಿಕಾಕ್ಷನ್ ಇಳಿಸಿಕೊಡುತ್ತದೆ. ಆಮೇಲೆ ಎಷ್ಟು ಬೇಕೋ ಅಷ್ಟು ಹಾಲು ಬೆರೆಸಿಕೊಂಡರಾಯಿತು. ಗಟ್ಟಿಯನ್ನು ತೆಳು ಮಾಡುವುದು ಸುಲಭ, ತೆಳುವನ್ನು ಗಟ್ಟಿ ಮಾಡಲು ಬರುವುದಿಲ್ಲ. ಹಿತ್ತಾಳೆಯ ಈ ಸಣ್ಣ ಪಾತ್ರೆಯ ಜಾಣತನ ಇಷ್ಟೇ.

ಮೊದಲನೆಯದು ಯಾರಿಗೆ?

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫಿಲ್ಟರಿನ ಚರಟದ ಮೇಲೆ ಎರಡನೇ ಸಲವೂ ನೀರು ಹಾಕಬಹುದಲ್ಲ! ಹಾಗೆ ಇಳಿದದ್ದೇ ಸೆಕೆಂಡ್ ಡಿಕಾಕ್ಷನ್. ಬಣ್ಣ ಉಂಟು, ಕಹಿ ಉಂಟು, ಘಮ ಇಲ್ಲ. ಒಳ್ಳೆಯದೆಲ್ಲ ಮೊದಲ ನೀರಿನ ಜೊತೆ ಹೋಗಿರುತ್ತದೆ.

ನಮ್ಮ ತಂಡದಲ್ಲಿ ಮಲೆನಾಡಿನವರೂ ಇದ್ದೇವೆ, ಬಯಲುಸೀಮೆಯವರೂ ಇದ್ದೇವೆ. ಫಿಲ್ಟರ್ ಇದ್ದ ಮನೆಗಳ ನೆನಪನ್ನು ಒಬ್ಬೊಬ್ಬರೇ ಹೇಳುತ್ತ ಹೋದಾಗ ಎಲ್ಲರದೂ ಒಂದೇ ಕಥೆ. ಮೊದಲ ಡಿಕಾಕ್ಷನ್ ಯಜಮಾನರಿಗೆ ಮತ್ತು ಬಂದ ನೆಂಟರಿಗೆ. ಎರಡನೆಯದು ಅಡುಗೆಮನೆಯ ಹೆಂಗಸರಿಗೆ. ಅದರಲ್ಲೂ ಕಿರಿ ಸೊಸೆಯ ಪಾಲಿಗೆ ಬರುವಷ್ಟರಲ್ಲಿ ಅದು ಬಣ್ಣದ ನೀರು. ಹಿತ್ತಿಲಿಗೆ, ಕೊಟ್ಟಿಗೆಗೆ ಬಂದ ಕೆಲಸದವರಿಗೂ ಅದೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ ಫಿಲ್ಟರಿಗೆ ನೀರು ಹಾಕಿದ ಕೈಗೆ ಮೊದಲ ಲೋಟ ಸಿಗುತ್ತಿರಲಿಲ್ಲ. ‘ನನಗೆ ಲೈಟೇ ಇಷ್ಟ ಕಣವ್ವಾ’ ಎನ್ನುತ್ತಿದ್ದ ಅಜ್ಜಿಯ ಮಾತು ನಮ್ಮಲ್ಲಿ ಇಬ್ಬರಿಗೆ ನೆನಪಿದೆ. ಅದು ಇಷ್ಟವೋ ಅಭ್ಯಾಸವೋ ಎಂದು ಆಗ ಯಾರೂ ಕೇಳಲಿಲ್ಲ.

ಬೆಳೆಯುವ ಸೀಮೆಯಲ್ಲೂ ಗಟ್ಟಿ ಹಾಲಿನ ಕಾಫಿ ಎಲ್ಲರ ಲೋಟಕ್ಕೆ ಇಳಿಯಲಿಲ್ಲ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಹಾಲಿಲ್ಲದ ಬೆಲ್ಲದ ಕಾಫಿ ಇಂದಿಗೂ ಇದೆ. ಅದರ ರುಚಿಯೇ ಬೇರೆ, ಅದನ್ನು ಕೀಳು ಎನ್ನುವ ಹಾಗಿಲ್ಲ. ಆದರೆ ತೋಟದ ಲೈನ್ ಮನೆಯಲ್ಲಿ ಅದು ಆಯ್ಕೆಯಾಗಿರಲಿಲ್ಲ, ಇದ್ದದ್ದೇ ಅಷ್ಟು.

ಚಿಕೋರಿ ಎಂಬ ಇನ್ನೊಂದು ಗುಂಡಿ

ಗಟ್ಟಿತನ ಹೊಂದಿಸುವ ಇನ್ನೊಂದು ಉಪಾಯ ಕಾಫಿ ಪುಡಿ ಅಂಗಡಿಯಲ್ಲಿದೆ. ‘ಚಿಕೋರಿ ಎಷ್ಟು ಹಾಕಲಿ?’ ಚಿಕೋರಿ ಒಂದು ಗಿಡದ ಬೇರು. ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ನೆಪೋಲಿಯನ್ ಕಾಲದಲ್ಲಿ, 1806ರ ನಂತರ, ಇಂಗ್ಲೆಂಡಿನ ಜೊತೆಗಿನ ವ್ಯಾಪಾರ ನಿಂತು ಯುರೋಪಿನಲ್ಲಿ ಕಾಫಿಗೆ ಬರ ಬಂದಾಗ ಇದರ ಬಳಕೆ ಜೋರಾಯಿತು. ನಮ್ಮ ದೇಶದಲ್ಲಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ.

ಹುರಿದ ಚಿಕೋರಿಯಲ್ಲಿ ನೀರಿಗೆ ಇಳಿಯುವ ಅಂಶ ಕಾಫಿಗಿಂತ ಹೆಚ್ಚು. ಆದ್ದರಿಂದ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣುತ್ತದೆ. ಬೆಲೆಯೂ ಕಡಿಮೆ. ಆದರೆ ಅದರಲ್ಲಿ ಕೆಫೀನ್ ಇಲ್ಲ. ಕಣ್ಣಿಗೆ ಗಟ್ಟಿ, ಒಳಗೆ ತೆಳು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆಯಲೇಬೇಕು. ಮುಂದಿನ ಸಲ ಸಂತೆಯಲ್ಲಿ ಪೊಟ್ಟಣ ಕೊಂಡಾಗ ತಿರುಗಿಸಿ ನೋಡಿ. ಚಿಕೋರಿ ಇಷ್ಟಪಟ್ಟು ಕುಡಿಯುವವರು ಕುಡಿಯಲಿ. ಆದರೆ ಕಾಫಿಯ ದುಡ್ಡು ಕೊಟ್ಟು ಬೇರು ಕುಡಿಯುತ್ತಿದ್ದೇವೆ ಎಂಬುದು ತಿಳಿದಿರಲಿ.

ಬೆಳೆದವರ ಕೈ, ಹೋಟೆಲಿನ ಲೋಟ

ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಕರ್ನಾಟಕವೇ. ಆದರೆ ಬೆಳೆದವರ ಕೈಯಲ್ಲೂ ಬಹುಕಾಲ ತೀರ್ಮಾನ ಇರಲಿಲ್ಲ. 1930ರ ದಶಕದಲ್ಲಿ ಬೆಲೆ ಕುಸಿದು ತೋಟಗಳು ಕಂಗೆಟ್ಟವು. ದೇಶದೊಳಗೇ ಕಾಫಿ ಕುಡಿಯುವವರನ್ನು ಹೆಚ್ಚಿಸಬೇಕೆಂದು 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಮನೆ ಬಳಕೆಗೂ ಬಿತ್ತನೆಗೂ ಬಿಟ್ಟುಕೊಂಡು ಉಳಿದದ್ದನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಾಗಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಬೆಲೆ ಬಿದ್ದಾಗ ಅದು ಆಸರೆ, ಬೆಲೆ ಏರಿದಾಗ ಅದೇ ಕಟ್ಟು. 1992ರಿಂದ ಆ ಕಟ್ಟು ಸಡಿಲವಾಗುತ್ತ ಬಂದು, 1996ಕ್ಕೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು.

ಕಾಫಿ ಹೌಸ್‌ಗಳ ಕಥೆ ಇನ್ನೂ ಚೆಂದ. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಅಲ್ಲಿಯವರೆಗೆ ಲೋಟ ತಂದಿಡುತ್ತಿದ್ದವರು ಹೋಟೆಲಿನ ಒಡೆಯರೂ ಆದರು.

ಹಳ್ಳಿಯ ಹೋಟೆಲಿನ ಕಥೆ ಹೀಗಿರಲಿಲ್ಲ. ದಲಿತರಿಗೆ ಹೊರಗೆ ನಿಲ್ಲಿಸಿ ಕೊಡುವುದು, ಅವರಿಗೆಂದೇ ಬೇರೆ ಲೋಟ ಅಥವಾ ತೆಂಗಿನ ಚಿಪ್ಪು ಇಡುವುದು, ಕುಡಿದ ಮೇಲೆ ಅವರೇ ತೊಳೆದಿಡುವುದು. ಇದನ್ನು ಕಣ್ಣಾರೆ ಕಂಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಕಾಯ್ದೆ ಹೋಟೆಲಿನಲ್ಲಿ ಭೇದ ಮಾಡುವುದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಆದರೂ ಬೇರೆ ಲೋಟ ಅಷ್ಟು ಬೇಗ ಹೋಗಲಿಲ್ಲ. ಒಂದೇ ಜಗ್ಗಿನಿಂದ ಒಂದೇ ಡಿಕಾಕ್ಷನ್ ಸುರಿದರೂ ಬೇರೆ ಲೋಟದಲ್ಲಿ ಕೊಟ್ಟ ಕಾಫಿ ಒಂದೇ ಕಾಫಿ ಅಲ್ಲ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ನಿಂತೇ ತಿನ್ನುವುದು, ನಾವೇ ತಂದುಕೊಳ್ಳುವುದು, ಕಡಿಮೆ ಬೆಲೆ. ಊರೆಲ್ಲ ದರ್ಶಿನಿಗಳಾದವು. ಬೇಗ ತಿಂದು ಹೋಗಲಿ ಎಂದು ಮಾಡಿದ ಏರ್ಪಾಡು ಇನ್ನೊಂದು ಕೆಲಸವನ್ನೂ ಮಾಡಿತು. ಅಲ್ಲಿ ಪ್ರತ್ಯೇಕ ಬೆಂಚು ಇಲ್ಲ, ಏಕೆಂದರೆ ಬೆಂಚೇ ಇಲ್ಲ. ಟೋಕನ್ ಕೊಟ್ಟವರಿಗೆ ಕಾಫಿ. ಯಾರು ಎಂದು ಯಾರೂ ಕೇಳುವುದಿಲ್ಲ. ನಗರದಲ್ಲಿ ಭೇದವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬಾಡಿಗೆ ಮನೆ ಹುಡುಕಲು ಹೋದರೆ ಅದು ಬಾಗಿಲಲ್ಲೇ ಎದುರಾಗುತ್ತದೆ. ಆದರೆ ಕಾಫಿ ಕೌಂಟರಿನ ಮುಂದೆ ನಿಂತ ಐದು ನಿಮಿಷ, ಗಟ್ಟಿಯೋ ತೆಳುವೋ ಎಂದು ಹೇಳುವ ಹಕ್ಕು ಕುಡಿಯುವವರದು.

ಮನೆಯಲ್ಲಿ ಹೀಗೆ ಮಾಡಿ

ಹೊಸ ಯಂತ್ರ ಬೇಡ. ಮನೆಯಲ್ಲಿರುವ ಫಿಲ್ಟರಿನಲ್ಲೇ ಗಟ್ಟಿ-ತೆಳು ಹೊಂದಿಸುವ ದಾರಿಗಳಿವೆ. ಪುಡಿ ನುಣ್ಣಗಿದ್ದರೆ ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತದೆ. ತೀರಾ ನುಣ್ಣಗಾದರೆ ತೂತು ಕಟ್ಟಿಕೊಂಡು ಇಳಿಯುವುದೇ ಇಲ್ಲ. ಬಿಲ್ಲೆಯನ್ನು ಹಗುರವಾಗಿ, ಸಮನಾಗಿ ಒತ್ತಿ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿ. ಗಟ್ಟಿ ಬೇಕೆಂದರೆ ಪುಡಿ ಹೆಚ್ಚು ಮಾಡಿ, ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ. ತೆಳು ಬೇಕಾದವರಿಗೆ ಮೊದಲ ಡಿಕಾಕ್ಷನ್ನಿಗೇ ಹಾಲನ್ನೋ ಬಿಸಿನೀರನ್ನೋ ಹೆಚ್ಚು ಬೆರೆಸಿ. ಕಡಿಮೆ ಹಾಕಿದರೂ ಘಮ ಇರುತ್ತದೆ. ಸೆಕೆಂಡ್ ಡಿಕಾಕ್ಷನ್ ಬೇಡ, ಚರಟ ಗಿಡದ ಬುಡಕ್ಕೆ ಹೋಗಲಿ.

ನಾಯಂಡಹಳ್ಳಿಯಿಂದ ನಾವು ಊರಿನ ಬಸ್ಸು ಹತ್ತಿದೆವು. ಮಡಿಕೇರಿಯ ಬಸ್ಸುಗಳು ಓಡಾಡುವ ಮೈಸೂರು ರಸ್ತೆ ಅದು. ಮರುದಿನ ಬೆಳಿಗ್ಗೆ ನಮ್ಮಲ್ಲೊಬ್ಬರು ಮನೆಯಲ್ಲಿ ತಾವೇ ಎದ್ದು ಫಿಲ್ಟರ್ ಹಾಕಿ, ಮೊದಲ ಡಿಕಾಕ್ಷನ್ನಿನ ಮೊದಲ ಲೋಟವನ್ನು ಅಮ್ಮನಿಗೆ ಕೊಟ್ಟು, ‘ಅಮ್ಮ, ನಿನಗೆ ಸ್ಟ್ರಾಂಗಾ, ಲೈಟಾ?’ ಎಂದು ಕೇಳಿದರು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನನ್ನ ಇಷ್ಟು ದಿನ ಯಾರೂ ಕೇಳಿರಲಿಲ್ಲ’ ಅಂದರು. ಆಮೇಲೆ, ‘ಗಟ್ಟಿಯಾಗೇ ಇರಲಿ’ ಅಂದರು.